ನಗೆಯ ನ್ಯಾಯಾಲಯದಲ್ಲಿ ಗುಮಾಸ್ತನ ಕುರ್ಚಿ

ನಮ್ಮ ಹವ್ಯಾಸಿ ತಂಡಕ್ಕೆ ನಾಟಕ ಆರಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ಈ ಸಲ ಬೇಕಾಗಿದ್ದದ್ದು 25 ನಿಮಿಷಕ್ಕೆ ಮೀರದ, 11 ಜನರಿಗೂ ಏನಾದರೊಂದು ಕೆಲಸವಿರುವ, ನೋಡಿದವರು ನಗುವಂಥ ಒಂದು ದೃಶ್ಯ. ಆ 11 ಜನರಲ್ಲಿ ಮಾತನ್ನು ಬಾಯಿಪಾಠ ಮಾಡಬಲ್ಲವರು ನಾಲ್ವರು. ಉಳಿದವರು ಕಚೇರಿ ಮುಗಿಸಿ, ಬಸ್ಸು ಹಿಡಿದು ತಾಲೀಮಿಗೆ ಬರುವಷ್ಟರಲ್ಲಿ ಹಿಂದಿನ ದಿನ ಕಲಿತದ್ದನ್ನೂ ಮರೆತಿರುತ್ತಾರೆ. ಇಂಥ ತಂಡಕ್ಕೆ ನ್ಯಾಯಾಲಯದ ದೃಶ್ಯದಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಬಾಯಿ ತೆರೆಯಬೇಕು, ಯಾರು ಯಾರನ್ನು ಕೂಗಿ ಕರೆಯಬೇಕು ಎಂಬುದನ್ನೆಲ್ಲ ನಿರ್ದೇಶಕ ಹೇಳುವುದಕ್ಕೆ ಮೊದಲೇ ಕೋರ್ಟಿನ ಕ್ರಮವೇ ಗೊತ್ತುಮಾಡಿರುತ್ತದೆ.

ಮೊದಮೊದಲು ನಾನು ವಕೀಲನ ಮಾತುಗಳನ್ನು ನೋಡಿ ದೃಶ್ಯ ಆರಿಸುತ್ತಿದ್ದೆ. ಪಾಟೀಸವಾಲು ಚುರುಕಾಗಿದ್ದರೆ ನಗು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ, ಚುರುಕು ಮಾತನ್ನು ನಿಧಾನವಾಗಿ ನೆನಪಿಸಿಕೊಂಡು ಹೇಳುವ ವಕೀಲನಷ್ಟು ಸಭೆಯನ್ನು ತಣ್ಣಗೆ ಮಾಡುವುದು ಬೇರೆ ಯಾವುದೂ ಇಲ್ಲ. ಈಗ ಪುಸ್ತಕ ತೆರೆದ ಕೂಡಲೇ ನಾನು ಹುಡುಕುವುದು ಗುಮಾಸ್ತನನ್ನು. ಹೇಳಿದ್ದನ್ನೆಲ್ಲ ಗಂಭೀರವಾಗಿ ಬರೆದುಕೊಳ್ಳುವವನೊಬ್ಬ ರಂಗದ ಮೇಲೆ ಇದ್ದಾನೆಯೇ ಎಂದು ನೋಡುತ್ತೇನೆ. ಇದಕ್ಕೆ ಎರಡು ಕಾರಣಗಳಿವೆ. ಅವನ ಮುಂದೆ ಕಡತ ತೆರೆದಿರುವುದು ಸಹಜವಾದ್ದರಿಂದ ಇಡೀ ರಂಗಪಠ್ಯವನ್ನೇ ಆ ಕಡತದೊಳಗೆ ಇಡಬಹುದು; ವಿಂಗಿನಲ್ಲಿ ಅಡಗಿ ಪಿಸುಗುಟ್ಟಬೇಕಾದ ಪ್ರಾಂಪ್ಟರ್ ರಾಜಾರೋಷವಾಗಿ ವೇಷ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾನೆ. ಇನ್ನೊಂದು, ನಾಟಕದ ಒಳಗಿನ ಕಾರಣ. ಅಸಂಬದ್ಧ ಮಾತು ಬಾಯಿಂದ ಬಿದ್ದಾಗ ನಗದಿದ್ದವರೂ, ಅದನ್ನು ಒಬ್ಬಾತ ತಲೆ ತಗ್ಗಿಸಿ ಬರೆದುಕೊಳ್ಳುವುದನ್ನು ಕಂಡಾಗ ನಗುತ್ತಾರೆ.

ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದ 4ನೆಯ ಅಂಕದ 2ನೆಯ ದೃಶ್ಯದಲ್ಲಿ ಇದು ಸ್ಪಷ್ಟವಾಗಿದೆ. ಕಾವಲುಗಾರರ ಮುಖ್ಯಸ್ಥ ಡಾಗ್‌ಬೆರ್ರಿ ವಿಚಾರಣೆ ನಡೆಸಲು ಹೊರಟು, ಒಂದು ಪದದ ಬದಲು ಇನ್ನೊಂದನ್ನು ಆಡುತ್ತ ಎಲ್ಲವನ್ನೂ ಕಲಸಿಬಿಡುತ್ತಾನೆ. ನಿಜ ಹೊರಬರುವುದು ಬರೆದುಕೊಳ್ಳಲು ಬಂದ ಚರ್ಚಿನ ಪರಿಚಾರಕನಿಂದ. ಅವನು ಎದ್ದುಹೋದ ಮೇಲೆ ಆರೋಪಿಯೊಬ್ಬ ಡಾಗ್‌ಬೆರ್ರಿಯನ್ನು ಕತ್ತೆ ಎನ್ನುತ್ತಾನೆ. ಆಗ ಡಾಗ್‌ಬೆರ್ರಿಗೆ ಉಂಟಾಗುವ ಸಂಕಟ ಬೈಗುಳದ್ದಲ್ಲ, ತನ್ನನ್ನು ಕತ್ತೆ ಎಂದು ಬರೆದಿಡಲು ಆ ಬರೆಯುವವನು ಇಲ್ಲವಲ್ಲ ಎಂಬುದು. 1600ರ ಮುದ್ರಣದಲ್ಲಿ ಈ ಪಾತ್ರದ ಮಾತುಗಳ ಮುಂದೆ ಪಾತ್ರದ ಹೆಸರಿನ ಬದಲು ಕೆಂಪ್ ಎಂಬ ನಟನ ಹೆಸರೇ ಉಳಿದುಕೊಂಡಿದೆ. ಹಾಸ್ಯನಟನನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದದ್ದೆಂದು ಅದರಿಂದ ತಿಳಿಯುತ್ತದೆ. ಆದರೂ ನಾನು ಇದನ್ನು ಬಿಟ್ಟೆ. ‘ನಿನಗೆ ಶಾಶ್ವತ ಮೋಕ್ಷದ ಶಿಕ್ಷೆಯಾಗುತ್ತದೆ’ ಎಂಬಂಥ ಒಂದೆರಡು ಮಾತುಗಳು ಕನ್ನಡದಲ್ಲಿಯೂ ನಿಲ್ಲುತ್ತವೆ, ನಿಜ. ಉಳಿದ ಶಬ್ದದೋಷಗಳನ್ನೆಲ್ಲ ನಾವೇ ಹೊಸದಾಗಿ ಕಟ್ಟಬೇಕು, ಹಾಗೆ ಕಟ್ಟಿದ ಹಾಸ್ಯವನ್ನು ವಿವರಿಸುವುದರಲ್ಲಿಯೇ ಅರ್ಧ ತಾಲೀಮು ಕಳೆಯುತ್ತದೆ.

ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದಲ್ಲಿ ಈ ತೊಂದರೆ ಇಲ್ಲ. ಬನ್ನಂಜೆ ಗೋವಿಂದಾಚಾರ್ಯರ ಅನುವಾದ ‘ಆವೆಯ ಮಣ್ಣಿನ ಆಟದ ಬಂಡಿ’ಯಿಂದಾಗಿ ಕನ್ನಡದ ಓದುಗರಿಗೆ ಪರಿಚಿತವಾಗಿರುವ ಈ ನಾಟಕದ 10 ಅಂಕಗಳಲ್ಲಿ 9ನೆಯದು ಪೂರ್ತಿ ನ್ಯಾಯಾಲಯದ್ದು. ಶೋಧನಕನೆಂಬ ಸೇವಕ ಆಸನಗಳನ್ನು ಅಣಿಗೊಳಿಸುವುದರಿಂದ ಅಂಕ ಶುರುವಾಗುತ್ತದೆ. ಹೆಚ್ಚು ಮಾತನಾಡದೆ ರಂಗದ ಮೇಲಿರಬೇಕೆಂದು ಬಯಸುವ ನಟರು ಪ್ರತಿಯೊಂದು ತಂಡದಲ್ಲಿಯೂ ಇರುತ್ತಾರೆ, ಈ ಪಾತ್ರ ಅವರದು. ಬಳಿಕ ನ್ಯಾಯಾಧಿಕಾರಿ, ವರ್ತಕರ ಮುಖಂಡನಾದ ಶ್ರೇಷ್ಠಿ, ಗುಮಾಸ್ತನಾದ ಕಾಯಸ್ಥ ಬಂದು ಕೂರುತ್ತಾರೆ. ಆ ದಿನದ ಮೊದಲ ಫಿರ್ಯಾದಿ ರಾಜನ ಭಾವಮೈದುನನಾದ ಶಕಾರ ಎಂದು ತಿಳಿದಾಗ, ಸೂರ್ಯೋದಯಕ್ಕೇ ಗ್ರಹಣ ಹಿಡಿಯಿತಲ್ಲ ಎಂದು ನ್ಯಾಯಾಧಿಕಾರಿ ಕಳವಳಪಡುತ್ತಾನೆ. ಇವತ್ತು ನಿನ್ನ ವ್ಯಾಜ್ಯ ನೋಡಲಾಗದು ಎಂದರೆ, ರಾಜನಿಗೆ ಹೇಳಿ ನಿನ್ನ ಹುದ್ದೆಯನ್ನೇ ತೆಗೆಸುತ್ತೇನೆ ಎಂಬ ಉತ್ತರ ಬರುತ್ತದೆ. ಕೂಡಲೇ ಸರದಿ ಬದಲಾಗುತ್ತದೆ. ಒಳಗೆ ಬಂದ ಶಕಾರ, ಈ ನೆಲವೇ ನನ್ನದು, ಎಲ್ಲಿ ಬೇಕಾದರೂ ಕೂರುತ್ತೇನೆ ಎಂದು ಒಬ್ಬೊಬ್ಬರ ಹತ್ತಿರವೂ ಹೋಗಿ, ನ್ಯಾಯಾಧಿಕಾರಿಯ ತಲೆಯ ಮೇಲೆ ಕೈಯಿಟ್ಟು ಇಲ್ಲಿಯೇ ಕೂರುತ್ತೇನೆಂದು ಹೇಳಿ, ಕೊನೆಗೆ ನೆಲದ ಮೇಲೆ ಕೂರುತ್ತಾನೆ. ಸಂಸ್ಕೃತವಾಗಲಿ ಪ್ರಾಕೃತವಾಗಲಿ ಬಾರದವರಿಗೂ ಇಷ್ಟು ನಗು ಕಣ್ಣಿಗೇ ಕಾಣುತ್ತದೆ.

ಬರವಣಿಗೆಯ ಹಾಸ್ಯ ಇದರ ಬೆನ್ನಿಗೇ ಬರುತ್ತದೆ. ಹಳೆಯ ಉದ್ಯಾನದಲ್ಲಿ ಗಣಿಕೆ ವಸಂತಸೇನೆಯನ್ನು ಯಾರೋ ಒಡವೆಯಾಸೆಗೆ ಕತ್ತು ಹಿಸುಕಿ ಕೊಂದಿದ್ದಾರೆ ಎನ್ನುತ್ತಲೇ, ಯಾರೂ ಕೇಳದಿದ್ದರೂ ‘ನಾನಲ್ಲ’ ಎಂದುಬಿಟ್ಟು ಶಕಾರ ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ‘ನಾನಲ್ಲ’ವನ್ನೇ ಮೊದಲು ಬರೆದುಕೊಳ್ಳುವಂತೆ ನ್ಯಾಯಾಧಿಕಾರಿ ಹೇಳಿದಾಗ ಕಾಯಸ್ಥ ಬರೆಯುತ್ತಾನೆ. ಅವಸರಪಟ್ಟು ಪಾಯಸ ತಿಂದವನ ಗತಿ ನನಗಾಯಿತಲ್ಲ ಎಂದು ತನ್ನಲ್ಲೇ ಅಂದುಕೊಂಡ ಶಕಾರ, ನೋಡಿದೆ ಎಂದಷ್ಟೇ ನಾನು ಹೇಳಿದ್ದು, ಇದಕ್ಕೇಕೆ ಇಷ್ಟು ಗಲಾಟೆ ಎಂದು ಬರೆದದ್ದನ್ನು ಕಾಲಿನಿಂದ ಒರೆಸಿಹಾಕುತ್ತಾನೆ. ಕೋರ್ಟಿನ ದಾಖಲೆಯನ್ನು ಅಧಿಕಾರಸ್ಥನ ನೆಂಟ ಕಾಲಲ್ಲಿ ಒರೆಸುವ ಈ ಚಿತ್ರಕ್ಕೆ ಇಂದಿಗೂ ಯಾವ ಟಿಪ್ಪಣಿಯೂ ಬೇಕಾಗಿಲ್ಲ.

ಶಕಾರನಿಗೆ ಆ ಹೆಸರು ಬಂದದ್ದು ‘ಸ’ಕಾರವನ್ನು ‘ಶ’ಕಾರವಾಗಿ ನುಡಿಯುವುದರಿಂದ. ರಾಮಾಯಣ, ಮಹಾಭಾರತಗಳನ್ನು ಅವನು ಕಲಸುವ ಬಗೆಯಂತೂ ನಮ್ಮ ಸಭಿಕರಿಗೆ ಹೇಳಿ ಮಾಡಿಸಿದಂತಿದೆ. 1ನೆಯ ಅಂಕದಲ್ಲಿ, ರಾವಣನ ಕೈಗೆ ಕುಂತಿ ಸಿಕ್ಕಂತೆ ನೀನು ನನಗೆ ಸಿಕ್ಕಿದೆ ಎಂದು ವಸಂತಸೇನೆಗೆ ಹೇಳುತ್ತಾನೆ. ಅಂಥ ಎರಡು ಮಾತುಗಳನ್ನು ನಾನು ಈ ದೃಶ್ಯಕ್ಕೆ ಎರವಲು ತಂದಿದ್ದೇನೆ. ನಮ್ಮಲ್ಲಿ ಆ ಪಾತ್ರಕ್ಕೆ ಮೈಕಟ್ಟಿನಿಂದ ಒಪ್ಪುವ ಗೆಳೆಯನ ನಾಲಗೆ ಮಾತ್ರ ತದ್ವಿರುದ್ಧ, ಅವನು ‘ಶಂಕರ’ನನ್ನು ‘ಸಂಕರ’ ಎನ್ನುವವನು. ಅವನಿಂದ ‘ಶತ್ಯವಾಗಿಯೂ ಶ್ವಾಮೀ’ ಎಂದು ಹೇಳಿಸುವುದಕ್ಕೆ ಒಂದು ವಾರ ಹಿಡಿಯಿತು.

ಈ ಅಂಕದ ದೊಡ್ಡ ಅಪಾಯವೆಂದರೆ ಎಲ್ಲಿ ನಿಲ್ಲಿಸಬೇಕೆಂಬುದು. ಮುಂದೆ ವಸಂತಸೇನೆಯ ತಾಯಿ ಬರುತ್ತಾಳೆ, ಶಕಾರ ಕೊಲೆಯ ಆರೋಪ ಹೊರಿಸಿದ, ವಸಂತಸೇನೆಯ ಪ್ರಿಯ ಚಾರುದತ್ತ ಬರುತ್ತಾನೆ, ಅವನ ಗೆಳೆಯ ಮೈತ್ರೇಯನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ಉದುರುತ್ತವೆ, ನಿರಪರಾಧಿಗೆ ಮರಣದಂಡನೆಯಾಗುತ್ತದೆ. ಒಡವೆ ಉದುರುವ ಗಳಿಗೆಗೆ ಸಭೆ ಖಂಡಿತ ನಗುತ್ತದೆ ಎಂದು ಅದನ್ನೂ ಸೇರಿಸಲು ತಂಡದವರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಆ ನಗುವೇ ಚಾರುದತ್ತನ ಕುತ್ತಿಗೆಗೆ ಬರುವಂಥದ್ದು. ಇಡೀ ನಾಟಕ ಆಡುವವರಿಗೆ ಅದು ವರ, ತುಣುಕು ಆಡುವವರಿಗೆ ಮೋಸ. ಚಾರುದತ್ತನನ್ನು ಕರೆತರಲು ಶೋಧನಕ ಹೊರಡುವಲ್ಲಿಗೆ ನಮ್ಮದು ಮುಗಿಯುತ್ತದೆ.

ಇಷ್ಟೇ ಮೆಚ್ಚುಗೆಯಾದ ಇನ್ನೊಂದು, 15ನೆಯ ಶತಮಾನದ ಫ್ರೆಂಚ್ ಪ್ರಹಸನ ‘ಪಾತಲಾಂ’. ಬಟ್ಟೆ ವ್ಯಾಪಾರಿಯ ಕುರಿಗಳನ್ನು ತಿಂದ ಕುರುಬನಿಗೆ, ಏನು ಕೇಳಿದರೂ ‘ಬ್ಯಾ’ ಎಂದಷ್ಟೇ ಹೇಳು ಎಂದು ಕಲಿಸುವ ವಕೀಲ ಪಾತಲಾಂ ತಾನೂ ಅದೇ ವ್ಯಾಪಾರಿಯಿಂದ ಬಟ್ಟೆ ಎಗರಿಸಿದವನು. ವ್ಯಾಪಾರಿ ಕೋರ್ಟಿನಲ್ಲಿ ಅವನನ್ನು ಕಂಡು ಬಟ್ಟೆಯನ್ನೂ ಕುರಿಯನ್ನೂ ಕಲಸುತ್ತಾನೆ, ನ್ಯಾಯಾಧೀಶ ಮತ್ತೆ ಮತ್ತೆ ಕುರಿಗಳ ವಿಷಯಕ್ಕೆ ಬನ್ನಿ ಎನ್ನುತ್ತಾನೆ. ಫ್ರೆಂಚರಲ್ಲಿ ಅದು ಇಂದಿಗೂ ನುಡಿಗಟ್ಟು. ಕೊನೆಯಲ್ಲಿ ಫೀಸು ಕೇಳಿದ ವಕೀಲನಿಗೂ ಕುರುಬನ ಉತ್ತರ ‘ಬ್ಯಾ’. ಬಾಯಿಪಾಠಕ್ಕೆ ಹೆದರುವವನಿಗೆ ಇದಕ್ಕಿಂತ ದೊಡ್ಡ ಪಾತ್ರ ಸಿಗಲಾರದು, ಮೇಲಾಗಿ ಹಳ್ಳಿಯ ಕಿವಿಗೆ ‘ಬ್ಯಾ’ ಎಂಬುದು ‘ಬ್ಯಾಡ’ ಎಂಬುದರ ಅರ್ಧವಾಗಿಯೂ ಕೇಳಿಸುತ್ತದೆ. ಆದರೆ ಪಾತ್ರಗಳು ಐದೇ. 11 ಜನರಲ್ಲಿ ಆರು ಮಂದಿಯನ್ನು ಎಲ್ಲಿ ನಿಲ್ಲಿಸಲಿ? ಸಂಖ್ಯೆಯೇ ಮುಖ್ಯವಾದರೆ ಭಾರತೇಂದು ಹರಿಶ್ಚಂದ್ರರ 1881ರ ಹಿಂದಿ ನಾಟಕ ‘ಅಂಧೇರ್ ನಗರಿ’ ಒಳ್ಳೆಯದು. ಗೋಡೆ ಬಿದ್ದು ಮೇಕೆ ಸತ್ತ ಅಪರಾಧ ಗೋಡೆಯ ಒಡೆಯನಿಂದ ಮೇಸ್ತ್ರಿಗೆ, ಸುಣ್ಣದವನಿಗೆ, ನೀರು ಹೊತ್ತವನಿಗೆ, ಹೀಗೆ ಕೈದಾಟುತ್ತ ಕೊತ್ವಾಲನವರೆಗೆ ಹೋಗುತ್ತದೆ. ಒಬ್ಬೊಬ್ಬರಿಗೂ ಎರಡೆರಡು ಮಾತು ಸಾಕು.

ಕ್ಲೈಸ್ಟನ ಜರ್ಮನ್ ನಾಟಕ ‘ಒಡೆದ ಹೂಜಿ’ಯಲ್ಲಿ ಅಪರಾಧಿ ನ್ಯಾಯಾಧೀಶನೇ, ಅದನ್ನು ಮೊದಲೇ ಊಹಿಸಿ ಸುಮ್ಮನಿರುವವನು ಗುಮಾಸ್ತ. 1808ರಲ್ಲಿ ವೈಮಾರಿನಲ್ಲಿ ಕವಿ ಗಯಟೆ ಇದನ್ನು ಮೂರು ಅಂಕಗಳಾಗಿ ಒಡೆದು ಆಡಿಸಿದಾಗ ಪ್ರಯೋಗ ಸೋತಿತು. ನಡುವೆ ತೆರೆ ಬೀಳಿಸಿದರೆ ವಿಚಾರಣೆಯ ಬಿಗಿ ಸಡಿಲುತ್ತದೆ ಎಂಬುದಕ್ಕೆ ನಾನು ಇದನ್ನೇ ಉದಾಹರಿಸುತ್ತೇನೆ. ಶೇಕ್ಸ್‌ಪಿಯರನ ‘ವೆನಿಸಿನ ವ್ಯಾಪಾರಿ’ಯನ್ನು ಆಡೋಣವೇ ಎಂದು ಕೇಳಿದವರಿಗೆ ಮಾತ್ರ ನನ್ನ ಉತ್ತರ ಬದಲಾಗಿಲ್ಲ: ಒಬ್ಬನನ್ನು ಬಲವಂತವಾಗಿ ಮತಾಂತರಿಸಿ ಮುಗಿಯುವ ವಿಚಾರಣೆಯನ್ನು ನಗೆಯ ತುಣುಕಾಗಿ ಆಡಲಾಗದು.

ಟಿಕೆಟ್ಟಿಲ್ಲದ ಸಭೆಗೆ ಹವ್ಯಾಸಿ ಸಂಘ ನಾಟಕ ಆಡಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗದೆಂದು ನಮ್ಮ ಕಾಯಿದೆಯಲ್ಲಿಯೇ ಇದೆ. ಟಿಕೆಟ್ಟು ಇಟ್ಟರೆ ಮೂಲಕ್ಕೆ ಎಷ್ಟೇ ವಯಸ್ಸಾಗಿದ್ದರೂ ಅನುವಾದಕ್ಕೆ ಬೇರೆ ಹಕ್ಕಿರುತ್ತದೆ ಎಂಬುದನ್ನು ಮರೆಯಬಾರದು. ಈ ಗೊಡವೆ ಬೇಡವೆಂದು, ಸಂಸ್ಕೃತ ಬಲ್ಲ ಹಿರಿಯರೊಬ್ಬರ ನೆರವಿನಿಂದ ನಾವೇ 18 ನಿಮಿಷದ ಪಠ್ಯ ಸಿದ್ಧಪಡಿಸಿಕೊಂಡಿದ್ದೇವೆ.

ಈಗ ಉಳಿದಿರುವುದು ಒರೆಸುವ ಸಮಸ್ಯೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಮೂರನೆಯ ಸಾಲಿನಾಚೆಗೆ ಕಾಣಲಿಲ್ಲ. ಹಲಗೆಯೊಂದಕ್ಕೆ ಕಪ್ಪು ಬಣ್ಣ ಬಳಿದು, ಇಟ್ಟಿಗೆಗಳನ್ನು ಆನಿಸಿ ಸಭಿಕರತ್ತ ಓರೆಯಾಗಿ ನಿಲ್ಲಿಸಿದೆವು. ಕಾಯಸ್ಥ ಬರೆದ ‘ನಾನಲ್ಲ’ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪಂಚೆಯುಟ್ಟ ನಮ್ಮ ಶಕಾರನ ಕಾಲು ಅಷ್ಟು ಎತ್ತರಕ್ಕೆ ಏರುವುದಿಲ್ಲ, ನಿನ್ನೆಯ ತಾಲೀಮಿನಲ್ಲಿ ‘ನಾ’ ಒಂದು ಅಳಿಯದೆ ಉಳಿಯಿತು.