ನಿವೇಶನದ ತೋಟಕ್ಕೆ ನೆರಳೇ ಪಂಚಾಂಗ

ಯಲಹಂಕದ ಆಚೆ ನಾವು ಗುತ್ತಿಗೆಗೆ ಪಡೆದು ತರಕಾರಿ ಬೆಳೆಯುತ್ತಿರುವುದು 40 ಅಡಿ ಅಗಲ, 60 ಅಡಿ ಉದ್ದದ ಎರಡು ನಿವೇಶನಗಳಲ್ಲಿ. ಹಳ್ಳಿಯ ಲೆಕ್ಕದಲ್ಲಿ ಅದು ನಾಲ್ಕೂವರೆ ಗುಂಟೆಗೂ ಸ್ವಲ್ಪ ಕಡಿಮೆ. ಇಷ್ಟು ಸಣ್ಣ ತೋಟದಲ್ಲಿ ಯಾವ ತಿಂಗಳು ಎಲ್ಲಿ ಏನು ಬಿತ್ತಬೇಕೆಂಬುದನ್ನು ಮಳೆಗಿಂತ ಮೊದಲು ನೆರಳು ತೀರ್ಮಾನಿಸುತ್ತದೆ ಎಂಬುದು ಇಲ್ಲಿ ಕೆಲಸ ಮಾಡುತ್ತಾ ನನಗೆ ದೃಢವಾಗಿರುವ ಮಾತು.

ನಮ್ಮ ದಕ್ಷಿಣದ ಗಡಿಗೆ ತಾಗಿಕೊಂಡಂತೆ ಸುಮಾರು 12 ಮೀಟರ್ ಎತ್ತರದ, ನಾಲ್ಕು ಅಂತಸ್ತಿನ ಕಟ್ಟಡವಿದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಮತ್ತೊಮ್ಮೆ ನಡುಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುವುದರಿಂದ ನಡುಹಗಲಿನಲ್ಲಿ ಆ ಕಟ್ಟಡದ ನೆರಳು ನಮ್ಮ ಕಡೆಗೆ ಬೀಳುವುದೇ ಇಲ್ಲ. ಡಿಸೆಂಬರ್ ಕೊನೆಯಲ್ಲಾದರೆ ಸೂರ್ಯ ಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಅದೇ ಕಟ್ಟಡದ ನೆರಳು ಒಂಬತ್ತು ಮೀಟರ್‌ನಷ್ಟು ಉತ್ತರಕ್ಕೆ ಚಾಚಿ ತೋಟದ ಹತ್ತಿರ ಹತ್ತಿರ ಅರ್ಧವನ್ನು ಆವರಿಸುತ್ತದೆ. ಬಯಲಿನ ರೈತನಿಗೆ ಈ ಲೆಕ್ಕ ಬೇಕಾಗಿಲ್ಲ. ನಗರದಲ್ಲಿ ಜಾಗ ಹುಡುಕುವವರು ಮಣ್ಣು ಮತ್ತು ನೀರಿನ ಬಗ್ಗೆ ವಿಚಾರಿಸಿದಷ್ಟೇ ಕಾಳಜಿಯಿಂದ ದಕ್ಷಿಣದಲ್ಲಿ ಏನಿದೆ, ಮುಂದೆ ಏನು ಕಟ್ಟಬಹುದು ಎಂಬುದನ್ನೂ ನೋಡಬೇಕು.

ಮಣ್ಣಿನ ವಿಷಯಕ್ಕೆ ಬಂದರೆ, ಖಾಲಿ ನಿವೇಶನದ ಕೆಂಪುಮಣ್ಣಿನಲ್ಲಿ ಗಾರೆ ಮತ್ತು ಸಿಮೆಂಟಿನ ಚೂರುಗಳು ಸೇರಿಕೊಂಡಿರುತ್ತವೆ. ಇವು ಮಣ್ಣಿನ ಕ್ಷಾರಗುಣವನ್ನು ಹೆಚ್ಚಿಸುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣಾಂಶವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಚಿಗುರೆಲೆಯ ನರಗಳು ಮಾತ್ರ ಹಸಿರಾಗಿ ಉಳಿದು, ನಡುವಿನ ಭಾಗವೆಲ್ಲ ಹಳದಿಗೆ ತಿರುಗುವುದು ಇದರ ಗುರುತು. ಚೂರುಗಳನ್ನು ಜರಡಿ ಹಿಡಿದು ತೆಗೆಯುವುದು, ಬೀದಿಯ ಹೊಂಗೆ ಮತ್ತು ಮಳೆಮರಗಳ ತರಗೆಲೆಯನ್ನು ಸಗಣಿಯೊಂದಿಗೆ ಕೊಳೆಸಿ ಮಡಿಗಳಿಗೆ ಸುರಿಯುತ್ತಲೇ ಇರುವುದು, ಇವೆರಡಕ್ಕಿಂತ ಉತ್ತಮವಾದ ಪರಿಹಾರ ನನಗೆ ಕಂಡಿಲ್ಲ.

ಮುಂಗಾರಿನಲ್ಲಿ ಬೆಳೆ ತಾನಾಗಿ ಏಳುತ್ತದೆ. ಹೀರೆ, ಸೋರೆ, ಹಾಗಲದ ಬಳ್ಳಿಗಳನ್ನು ಚಪ್ಪರಕ್ಕೆ ಹತ್ತಿಸಿ, ನೀರು ನಿಲ್ಲದಂತೆ ಕಾಲುವೆ ತೆಗೆದರೆ ಹೆಚ್ಚಿನ ಚಿಂತೆಯಿಲ್ಲ. ಬೆಂಡೆಗೆ ನಾವು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನೇ ಹಾಕುತ್ತೇವೆ. ಎಲೆಯ ನರಗಳು ಹಳದಿಯಾಗುವ ನಂಜುರೋಗವನ್ನು ತಾಳಿಕೊಳ್ಳಲೆಂದೇ ರೂಪಿಸಿದ ತಳಿ ಅದು. ಈ ಕಾಲದ ನಿಜವಾದ ಕಾಟ ಆಫ್ರಿಕಾದ ದೈತ್ಯ ಬಸವನಹುಳು. ಹಗಲಿನಲ್ಲಿ ಕಾಂಪೌಂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬರುವ ಇದು ಎಳೆಯ ಸಸಿಗಳ ಸಾಲನ್ನೇ ಬೋಳಾಗಿಸುತ್ತದೆ. ಸಂಜೆ ಗೋಣಿಚೀಲವನ್ನು ತೋಯಿಸಿ, ಅದರಡಿ ಪರಂಗಿ ಎಲೆಯನ್ನೋ ಕೋಸಿನ ಸಿಪ್ಪೆಯನ್ನೋ ಇಟ್ಟರೆ ಹುಳುಗಳು ಅಲ್ಲಿ ಬಂದು ಸೇರುತ್ತವೆ. ಬೆಳಕು ಹರಿಯುವ ಮುನ್ನ ಕೈಗವಸು ತೊಟ್ಟು ಆರಿಸಿ ಉಪ್ಪುನೀರಿಗೆ ಹಾಕುತ್ತೇವೆ. ಅವು ಮನುಷ್ಯನಿಗೆ ರೋಗ ತರುವ ಪರೋಪಜೀವಿಗಳನ್ನು ಹೊತ್ತಿರಬಲ್ಲವಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು.

‘ಬಂದರೆ ಮಘೆ, ಹೋದರೆ ಹೊಗೆ’ ಎಂಬ ಗಾದೆಯನ್ನು ಹೊಲದವರು ರಾಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಬೆಂಗಳೂರಿನ ಸೊಪ್ಪು ಬೆಳೆಗಾರರು ಎದುರಿಸಬೇಕಾದದ್ದು ಆಗಸ್ಟ್ ಕೊನೆಯ ಆ ಮಘೆ ಮಳೆಯ ನಂತರದ ಮಳೆಗಳನ್ನು. ಇಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಗಳ ಕಾಲದಲ್ಲಿ. ಮೆಂತ್ಯ ಮತ್ತು ಕೊತ್ತಂಬರಿಗಳ ಎಳೆಯ ಬುಡ ಆ ಹೊಡೆತಕ್ಕೆ ಕೊಳೆತುಹೋಗುತ್ತದೆ. ವರ್ಷವಿಡೀ ಮೆಂತ್ಯ ಬೇಕೆನ್ನುವ ನೆರೆಹೊರೆಯವರಿಗೆ ಆ ತಿಂಗಳುಗಳಲ್ಲಿ ದಂಟು, ಬಸಳೆ ಮತ್ತು ಹೊನಗೊನೆಯನ್ನು ಕೊಡುತ್ತೇವೆ. ಪ್ಲಾಸ್ಟಿಕ್ ಮನೆ ಕಟ್ಟಿ ಮೆಂತ್ಯವನ್ನೇ ಒದಗಿಸುವ ಆಸೆ ನನಗಿಲ್ಲ, ಏಕೆಂದರೆ ಸ್ವಾತಿ ಮಳೆ ಮುಗಿದ ಮೇಲೆ ಅದೇ ಮಡಿಯಲ್ಲಿ ಮೆಂತ್ಯ ಯಾವ ಆರೈಕೆಯೂ ಇಲ್ಲದೆ ಬರುತ್ತದೆ. ಚಳಿಗಾಲದ ನೆರಳು ಆವರಿಸುವ ದಕ್ಷಿಣದ ಭಾಗವನ್ನು ಪಾಲಕ್, ಪುದೀನ ಮತ್ತು ಕೊತ್ತಂಬರಿಗೆ ಬಿಟ್ಟುಕೊಡುತ್ತೇವೆ. ಕಾಯಿಪಲ್ಲೆಗಳಿಗೆ ಸಾಲದ ಆ ಬೆಳಕು ಎಲೆಗಳಿಗೆ ಸಾಕಾಗುತ್ತದೆ.

ಬೆಳಕು ನಿಜವಾಗಿ ತನ್ನ ಕೈಚಳಕ ತೋರುವುದು ಅವರೆಯಲ್ಲಿ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಆದರೂ ನಾಟಿ ಅವರೆ ಅಷ್ಟನ್ನೇ ಗುರುತಿಸಿ, ಆಷಾಢದಲ್ಲಿ ಬಿತ್ತಿದರೂ ಶ್ರಾವಣದಲ್ಲಿ ಬಿತ್ತಿದರೂ ರಾತ್ರಿ ಉದ್ದವಾಗುವವರೆಗೆ ಬರೀ ಬಳ್ಳಿಯಾಗಿ ಹಬ್ಬಿ, ಆಮೇಲೆ ಹೂ ಬಿಡುತ್ತದೆ. ನಮ್ಮ ಈಶಾನ್ಯ ಮೂಲೆಯಲ್ಲಿ ಬೀದಿದೀಪವೊಂದಿದೆ. ಅದರ ಬೆಳಕು ನೇರವಾಗಿ ಬೀಳುವ ಬಳ್ಳಿಗಳು ಪಕ್ಕದ ಸಾಲಿನವು ಕಾಯಿ ಕಟ್ಟಿದ ಮೇಲೂ ಎಲೆ ಹೊದ್ದುಕೊಂಡೇ ನಿಂತಿರುವುದನ್ನು ನೋಡಿ, ಆ ಮೂಲೆಗೆ ಈಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಯನ್ನು ಹಾಕುತ್ತಿದ್ದೇವೆ. ಹಗಲಿನ ಅವಧಿಯನ್ನು ಲೆಕ್ಕಿಸದೆ ಯಾವ ಕಾಲದಲ್ಲಾದರೂ ಹೂ ಬಿಡುವ ತಳಿ ಅದು. ಸಣ್ಣ ರೈತರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಆದರೂ ಧನುರ್ಮಾಸದ ಬೆಳಗ್ಗೆ ನಾಟಿ ಅವರೆಯ ಕಾಯಿಯನ್ನು ಕಿತ್ತಾಗ ಬೆರಳಿಗೆ ಅಂಟುವ ಎಣ್ಣೆಯಂಥ ಜಿಗುಟು, ಸೋಪು ಹಾಕಿ ತೊಳೆದರೂ ಮಧ್ಯಾಹ್ನದವರೆಗೆ ಉಳಿಯುವ ಆ ಸೊಗಡು, ಹೆಬ್ಬಾಳದ ತಳಿಯಲ್ಲಿ ನನಗೆ ಅಷ್ಟಾಗಿ ಸಿಕ್ಕಿಲ್ಲ. ಹಿತಕಿದ ಬೇಳೆಯ ಸಾರಿಗೆ ನಾಟಿಯೇ ಆಗಬೇಕೆಂದು ಕೇಳಿ ಒಯ್ಯುವವರು ನಮ್ಮ ಬೀದಿಯಲ್ಲೇ ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ತೋಟದ ಉತ್ತರಾರ್ಧ, ಆ ಮೂಲೆಯೊಂದನ್ನು ಬಿಟ್ಟು, ಸಂಕ್ರಾಂತಿಯವರೆಗೂ ನಾಟಿ ಅವರೆಗೇ ಮೀಸಲು.

ಬೇಸಿಗೆಯಲ್ಲಿ ಹಗಲೆಲ್ಲ ಕಾದ ಗೋಡೆಗಳು ರಾತ್ರಿಯೂ ಬಿಸಿ ಉಗುಳುತ್ತವೆ. 2024ರ ಮಾರ್ಚ್‌ನಲ್ಲಿ ನಗರದಲ್ಲಿ ಕುಡಿಯುವ ನೀರನ್ನು ಕೈತೋಟಗಳಿಗೆ ಬಳಸಬಾರದೆಂದು ಜಲಮಂಡಳಿ ಆದೇಶಿಸಿ 5,000 ರೂಪಾಯಿ ದಂಡ ವಿಧಿಸಿತು. ಜನ ಟ್ಯಾಂಕರಿಗೆ ಕಾಯುತ್ತಿದ್ದ ಆ ದಿನಗಳಲ್ಲಿ ಅದು ನ್ಯಾಯವಾದ ಆದೇಶವೆಂದೇ ನನ್ನ ಅಭಿಪ್ರಾಯ. ಚಾವಣಿಯ ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆದರೆ ಅಕ್ಟೋಬರಿನಲ್ಲಿ ತೊಟ್ಟಿಗೆ ಹಿಡಿದ ನೀರು ಏಪ್ರಿಲ್‌ವರೆಗೆ ಬರುವುದಿಲ್ಲ. ಆದ್ದರಿಂದ ಈಗ ಮಾರ್ಚ್ ಬಂದೊಡನೆ ಅರ್ಧದಷ್ಟು ಮಡಿಗಳಿಗೆ ನೀರು ನಿಲ್ಲಿಸಿ, ಕಬ್ಬಿನ ರವದಿಯನ್ನು ದಪ್ಪವಾಗಿ ಹೊದಿಸುತ್ತೇವೆ. ಉಳಿದರ್ಧದಲ್ಲಿ ಗೋರಿಕಾಯಿ, ಅಲಸಂದೆ ಮತ್ತು ಬಸಳೆ ಇರುತ್ತವೆ. ಪಾತ್ರೆ ತೊಳೆದ ನೀರನ್ನು ಬಾಳೆ ಮತ್ತು ಕಾಬಾಳೆಯ ಬುಡದಲ್ಲಿ ಸೋಸಿ ಈ ತರಕಾರಿಗಳಿಗೆ ಹಾಯಿಸುತ್ತೇವೆ. ಭರಣಿ ಮಳೆ ಬಿದ್ದೊಡನೆ ಒಣಗಿದ ಮಡಿಗಳ ಹೊದಿಕೆ ಸರಿಸಿ ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬಿನ ಬೀಜ ಚೆಲ್ಲಿ, ಸುಮಾರು 45 ದಿನಗಳಿಗೆ, ಹೂ ಕಾಣಿಸುವ ಹೊತ್ತಿಗೆ ಮಣ್ಣಿಗೆ ಮಗುಚುತ್ತೇವೆ. ಕಾಂಡ ಕೊಳೆಯಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಆರಿದ್ರಾ ಮಳೆ ಹಿಡಿದಿರುತ್ತದೆ, ಅವರೆ ಬಿತ್ತಬಹುದು.