ನೀರಿನಿಂದ ಎಂಬತ್ತು ಹೆಜ್ಜೆ ದೂರ

ದಿನವಿಡೀ ಏರು ಹತ್ತಿ ಬೆಟ್ಟದ ಮೇಲಿನ ಸರೋವರ ತಲುಪಿದವರಿಗೆ ಹುಟ್ಟುವ ಮೊದಲ ಆಸೆ, ನೀರಿಗೆ ಅಂಟಿಕೊಂಡಂತೆ ಟೆಂಟ್ ಹಾಕಬೇಕು ಎನ್ನುವುದು. ಬೆಳಗ್ಗೆ ಝಿಪ್ ಎಳೆದರೆ ಎದುರಿಗೇ ನೀರು ಕಾಣಬೇಕು. ಕಾಣುತ್ತದೆ, ನಿಜ. ಆದರೆ ಅಷ್ಟರಲ್ಲಿ ಟೆಂಟಿನ ಒಳಮೈ ತೊಟ್ಟಿಕ್ಕುತ್ತಿರುತ್ತದೆ, ಸ್ಲೀಪಿಂಗ್ ಬ್ಯಾಗಿನ ಕಾಲ್ತುದಿ ಒದ್ದೆಯಾಗಿರುತ್ತದೆ.

ಕತ್ತಲಾದಂತೆ ಇಳಿಜಾರಿನ ತಣ್ಣನೆಯ ಗಾಳಿ ಭಾರವಾಗಿ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸರೋವರ ಇರುವುದೇ ತಗ್ಗಿನಲ್ಲಿ. ಅದರ ಮೇಲೆ ನೀರಿನ ತೇವ ಬೇರೆ. ಸ್ವಲ್ಪ ಮೇಲಿನ ದಿಬ್ಬಕ್ಕೆ ಹೋದರೂ ರಾತ್ರಿ ಎಷ್ಟೋ ಬೆಚ್ಚಗೆ ಕಳೆಯುತ್ತದೆ. ನೀರಿನಿಂದ ಕನಿಷ್ಠ 60 ಮೀಟರ್, ಅಂದರೆ ಸುಮಾರು 80 ಹೆಜ್ಜೆ ಬಿಡುವುದು ಚಾರಣಿಗರ ಹಳೆಯ ಲೆಕ್ಕ. ದಡ ಕೆಡುವುದಿಲ್ಲ, ನೀರಿಗೆ ಬರುವ ಪ್ರಾಣಿಗಳ ದಾರಿಗೂ ಅಡ್ಡವಾಗುವುದಿಲ್ಲ. ಶೌಚದ ಗುಂಡಿಗೂ ಅಷ್ಟೇ ದೂರ, 15ರಿಂದ 20 ಸೆಂಟಿಮೀಟರ್ ಆಳ.

ಇಂಥ ಜಾಗ ಹುಡುಕಲು ಬೆಳಕಿರಬೇಕು, ಅಂದರೆ ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ತಲುಪಿರಬೇಕು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದಾರಿ, 900 ಮೀಟರ್ ಏರು ಎಂದರೆ ಮೂರೂವರೆ ಗಂಟೆ. ಆದರೆ ನೈಸ್ಮಿತ್ ಬೆನ್ನಿನ ಮೇಲೆ ಟೆಂಟ್ ಇರಲಿಲ್ಲವೇನೋ! ಹೊರೆ ಇದ್ದವರು ಒಂದೂವರೆ ಪಟ್ಟು ಹಿಡಿಯುವುದೇ ಸರಿ. ದಾರಿಯಲ್ಲಿ ಹಿಮ ಕರಗಿ ಹರಿಯುವ ತೊರೆ ಇದ್ದರೆ ಬೇಗ ಹೊರಡಲು ಇನ್ನೊಂದು ಕಾರಣ ಸಿಕ್ಕಿತು. ಬೆಳಗ್ಗೆ ಮೊಣಕಾಲಿಗೂ ಬಾರದ ನೀರು, ಬಿಸಿಲೇರಿದ ಮೇಲೆ ಸಂಜೆಯ ಹೊತ್ತಿಗೆ ದಾಟಲಾರದಷ್ಟು ಸೆಳೆತ ಪಡೆದಿರುತ್ತದೆ.

ಸರೋವರ 3,000 ಮೀಟರ್‌ಗಿಂತ ಮೇಲಿದ್ದರೆ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ತಲೆನೋವಿನ ಜೊತೆ ವಾಕರಿಕೆ, ಊಟ ಬೇಡವೆನ್ನಿಸುವುದು ಶುರುವಾದರೆ ಅಲ್ಲೇ ನಿಲ್ಲಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ರಾತ್ರಿಯಾದರೂ ಸರಿ, ಜೊತೆಗೊಬ್ಬರು ಹೊರಟು ಆ ವ್ಯಕ್ತಿಯನ್ನು ಕೆಳಗಿಳಿಸಬೇಕು.

ಇನ್ನು ನೀರು. ಕನ್ನಡಿಯಂತೆ ಕಂಡರೂ ನೇರವಾಗಿ ಕುಡಿಯುವಂತಿಲ್ಲ. ಹಿಮನದಿಯ ಕೆಳಗಿನ ಸರೋವರವಾದರೆ ಇನ್ನೊಂದು ತಾಪತ್ರಯ: ನೀರಿಗೆ ಹಾಲಿನಂಥ ಬಣ್ಣ ಕೊಡುವುದು ಬಂಡೆ ಸವೆದ ನುಣ್ಣನೆಯ ಹುಡಿ. ಅದನ್ನು ಹಾಗೇ ಫಿಲ್ಟರ್‌ಗೆ ಹಾಕಿದರೆ ಬೇಗನೆ ಕಟ್ಟಿಕೊಳ್ಳುತ್ತದೆ. ಪಾತ್ರೆಯಲ್ಲಿ ತುಂಬಿ, ಹಲವು ಗಂಟೆ ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಕುದಿಸುವುದಾದರೆ 2,000 ಮೀಟರ್ ದಾಟಿದ ಮೇಲೆ ಒಂದಲ್ಲ, ಮೂರು ನಿಮಿಷ ಕುದಿಸಿ, ಏಕೆಂದರೆ ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. 3,000 ಮೀಟರ್‌ನಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ. ಇದೇ ಕಾರಣಕ್ಕೆ ಅಡುಗೆಯೂ ನಿಧಾನ, ಗ್ಯಾಸೂ ಹೆಚ್ಚು ಬೇಕು.

ಆ ಗ್ಯಾಸಿನದು ಬೇರೆಯೇ ತಕರಾರು. ಬ್ಯೂಟೇನ್ ಮಾತ್ರ ಇರುವ ಡಬ್ಬಿ ಚಳಿ ಸೊನ್ನೆಯ ಹತ್ತಿರ ಬಂದರೆ ಉರಿಯಲು ಮುಷ್ಕರ ಹೂಡುತ್ತದೆ. ಐಸೋಬ್ಯೂಟೇನ್, ಪ್ರೊಪೇನ್ ಬೆರೆತದ್ದೇ ಆಗಬೇಕು. ಚಳಿ ಎಷ್ಟೇ ಇರಲಿ, ಟೆಂಟಿನೊಳಗೆ ಮಾತ್ರ ಸ್ಟೌವ್ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ.

ಮಲಗುವ ಮುಂಚೆ ನೀರು ಸೋಸುವ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಮ್ಮೆ ಬಳಸಿದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ. ಮರುದಿನ ನೀರೇನೋ ಸರಾಗವಾಗಿ ಬರುತ್ತದೆ, ಸೋಸಿರುವುದಿಲ್ಲ. ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಹೆಡ್‌ಲ್ಯಾಂಪ್ ಬ್ಯಾಟರಿ, ಫೋನ್ ಕೂಡ ಅಲ್ಲೇ ಇರಲಿ. ಟೆಂಟಿನ ಗಾಳಿಕಿಂಡಿ ಮುಚ್ಚುವ ಮನಸ್ಸಾಗುತ್ತದೆ, ಮುಚ್ಚಬೇಡಿ: ರಾತ್ರಿಯಿಡೀ ಬಿಟ್ಟ ಉಸಿರು ಬಟ್ಟೆಗೆ ತಗುಲಿ ನೀರಾಗಿ ಮೈಮೇಲೇ ಬೀಳುತ್ತದೆ. ಮೇಲಿನ ಹೊದಿಕೆಗಿಂತ ಕೆಳಗಿನ ಮ್ಯಾಟ್ ದಪ್ಪವಿರಬೇಕು ಎಂಬುದು ಹಲವರಿಗೆ ತಲೆಗೆ ಹೋಗುವುದಿಲ್ಲ. ಮೈಭಾರಕ್ಕೆ ಚಪ್ಪಟೆಯಾದ ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ನೆಲದ ಚಳಿಯನ್ನು ತಡೆಯುವುದಿಲ್ಲ.

ಜಾಗ ಆರಿಸುವಾಗ ದಿಕ್ಸೂಚಿ ತೆಗೆದು ಪೂರ್ವ ಯಾವುದೆಂದು ನೋಡಿರಿ. ಎದುರಿನ ಶಿಖರದ ನೆರಳಿನಲ್ಲಿ ಟೆಂಟ್ ಹಾಕಿದ್ದರೆ ಬಿಸಿಲು ಬರಲು ಹತ್ತು ಗಂಟೆಯೂ ಆಗಬಹುದು. ಅಷ್ಟು ಹೊತ್ತು ಕಾಯಲಾಗದೆ, ಹಿಮ ಅಂಟಿದ ಟೆಂಟನ್ನೇ ಸುತ್ತಿ ಹೊತ್ತರೆ, ನಿನ್ನೆ ಹತ್ತುವಾಗ ಇದ್ದದ್ದಕ್ಕಿಂತ ಹೆಚ್ಚಿನ ಭಾರ ಹೊತ್ತು ಇಳಿಯಬೇಕಾಗುತ್ತದೆ.