ಮಹಾಲಯ ಅಮಾವಾಸ್ಯೆಯ ಬೆಳಗ್ಗೆ 9.31ರ ಗಡುವು

2025ರ ಸೆಪ್ಟೆಂಬರ್ 19, ಶುಕ್ರವಾರ. ಪರಿಣತ ವಿದೇಶಿಯರು ಅಮೆರಿಕದಲ್ಲಿ ದುಡಿಯಲು ಬೇಕಾದ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಎಂಬ ಘೋಷಣೆಗೆ ಟ್ರಂಪ್ ಸಹಿ ಹಾಕಿದಾಗ ಬೆಂಗಳೂರಿನಲ್ಲಿ ನಡುರಾತ್ರಿ ದಾಟಿತ್ತು. ಆಗಿನ ದರದಲ್ಲಿ ಅದು ಸುಮಾರು 88 ಲಕ್ಷ ರೂಪಾಯಿ. ಅಲ್ಲಿಯವರೆಗೆ ಕಂಪನಿಗಳು ಕಟ್ಟುತ್ತಿದ್ದದ್ದು ನೋಂದಣಿಗೆ 215 ಡಾಲರ್, ದೊಡ್ಡ ಕಂಪನಿಯಾದರೆ ಅರ್ಜಿಗೆ 780, ಜೊತೆಗೆ ತರಬೇತಿ ನಿಧಿ, ವಂಚನೆ ತಡೆ ಅಂತ ಇನ್ನಷ್ಟು; ಎಲ್ಲ ಕೂಡಿಸಿದರೂ ಕೆಲವೇ ಸಾವಿರ.

ಆದರೆ ಜನ ಗಾಬರಿಬಿದ್ದದ್ದು ಮೊತ್ತಕ್ಕಲ್ಲ, ಆದೇಶ ಬರೆದ ರೀತಿಗೆ. ವಲಸಿಗರ ಪ್ರವೇಶ ತಡೆಯಲು ಅಧ್ಯಕ್ಷರಿಗಿರುವ ಅಧಿಕಾರದಡಿ ಹೊರಟ ಆದೇಶ ಅದು. ಹಾಗಾಗಿ ಅದರ ಕಣ್ಣು ದೇಶದ ಒಳಗಿರುವವರ ಮೇಲಲ್ಲ, ಹೊರಗಿನಿಂದ ಬರುವವರ ಮೇಲೆ. ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಇದ್ದು ಪಿತೃಪಕ್ಷಕ್ಕೋ ದಸರೆಗೋ ಊರಿಗೆ ಬಂದವರಿಗೆ ವಿನಾಯಿತಿ ಇದೆ ಎಂದು ಒಂದು ಸಾಲೂ ಇರಲಿಲ್ಲ. ಮೇಲಾಗಿ ವಾಣಿಜ್ಯ ಸಚಿವ ಲಟ್ನಿಕ್ ಇದು ವರ್ಷವರ್ಷವೂ ಕಟ್ಟುವ ಹಣ ಎಂಬಂತೆ ಮಾತಾಡಿದರು. ಅನುಮಾನವಿದ್ದಾಗ ಕಂಪನಿ ವಕೀಲರು ಕೆಟ್ಟದ್ದನ್ನೇ ನಂಬಿ ಸಲಹೆ ಕೊಡುತ್ತಾರೆ. ಅದು ಅವರ ಕಸುಬು. ಮೈಕ್ರೋಸಾಫ್ಟ್, ಅಮೆಜಾನ್ ಸಿಬ್ಬಂದಿಗೆ ‘ಒಳಗಿದ್ದವರು ಕದಲಬೇಡಿ, ಹೊರಗಿದ್ದವರು ಗಡುವಿನೊಳಗೆ ಬನ್ನಿ’ ಎಂಬ ಇಮೇಲ್ ಹೋಯಿತು.

ಗಡುವು ಎಂದರೆ ಆದೇಶ ಜಾರಿಗೆ ಬರುವ ಹೊತ್ತು: ವಾಷಿಂಗ್ಟನ್ ಗಡಿಯಾರದಲ್ಲಿ ಸೆ. 21ರ ನಡುರಾತ್ರಿ 12.01. ನಮ್ಮಲ್ಲಿ ಅದು ಭಾನುವಾರ ಬೆಳಗ್ಗೆ 9.31, ಮಹಾಲಯ ಅಮಾವಾಸ್ಯೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಾದರೆ ಶನಿವಾರ ರಾತ್ರಿ 9.01. ಅಲ್ಲಿನ ನಡುರಾತ್ರಿ ಎಂದುಕೊಂಡವರ ಲೆಕ್ಕ ಮೂರು ತಾಸು ತಪ್ಪುತ್ತಿತ್ತು. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನದಲ್ಲೇ ಹದಿನಾರು ಹದಿನೇಳು ಗಂಟೆ. ವಿಮಾನ ಇಳಿದರೆ ಮುಗಿಯಲಿಲ್ಲ, ವಲಸೆ ಅಧಿಕಾರಿಯ ಮುಂದೆ ಸರದಿ ಬರಬೇಕು. ಶನಿವಾರ ಮಧ್ಯಾಹ್ನದೊಳಗೆ ಕೆಂಪೇಗೌಡ ನಿಲ್ದಾಣ ಬಿಡದವರಿಗೆ ಗಡುವು ಕೈತಪ್ಪಿದಂತೆಯೇ. ಅತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲು ನಿಂತಿದ್ದ ಎಮಿರೇಟ್ಸ್ ವಿಮಾನದಿಂದ ಹಲವರು ಇಳಿದೇ ಹೋದರು.

ಈ ಗಲಿಬಿಲಿಯ ನಡುವೆ ಹೆಸರು ಹೇಳದೆ ಬರೆಯುವವರ ಅಂತರ್ಜಾಲ ತಾಣ ಫೋರ್‌ಚಾನ್‌ನ ಒಂದಿಷ್ಟು ಜನ ಭಾರತೀಯರಿಗೆ ಟಿಕೆಟ್ ಸಿಗದಂತೆ ಮಾಡಲು ಕೂತರು. ವಿಧಾನ ಸರಳ: ಭಾರತದಿಂದ ಹೊರಡುವ ವಿಮಾನದಲ್ಲಿ ಸೀಟು ಆರಿಸುವುದು, ಹಣ ಕಟ್ಟುವ ಪುಟದವರೆಗೆ ಹೋಗಿ ನಿಲ್ಲುವುದು. ಸೀಟು ಕೆಲ ನಿಮಿಷ ಅವರ ಹೆಸರಿಗೆ ಬೀಗ ಬೀಳುತ್ತದೆ. ಬಿಟ್ಟಕೂಡಲೇ ಮತ್ತೆ ಹಿಡಿಯುವುದು. ಕಾಸು ಖರ್ಚಿಲ್ಲದ ಕೇಡು. ಅದೇ ದಿನಗಳಲ್ಲಿ ಟೆಕ್ಸಸ್‌ನ ಶುಗರ್ ಲ್ಯಾಂಡ್‌ನಲ್ಲಿರುವ 90 ಅಡಿ ಹನುಮಂತನ ಮೂರ್ತಿ ಇಲ್ಲೇಕೆ ಎಂದು ಸೆನೆಟ್ ಟಿಕೆಟ್ ಆಕಾಂಕ್ಷಿಯೊಬ್ಬರು ತಗಾದೆ ತೆಗೆದಿದ್ದರು. ವೀಸಾ ಶುಲ್ಕದ ಜಗಳದಲ್ಲಿ ಆರ್ಥಿಕತೆ ಎಷ್ಟು, ಅಸಹನೆ ಎಷ್ಟು ಎಂದು ಬೇರ್ಪಡಿಸುವುದು ನನಗಂತೂ ಕಷ್ಟ. (ನಾವೂ ಬೀಗಬೇಕಿಲ್ಲ. ದಸರಾವನ್ನು ಬಾನು ಮುಷ್ತಾಕ್ ಉದ್ಘಾಟಿಸಬಾರದೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಬೇಕಾಗಿ ಬಂದದ್ದು ಅದೇ ಶುಕ್ರವಾರ.)

ಶನಿವಾರ ಶ್ವೇತಭವನದ ವಕ್ತಾರೆ ಸ್ಪಷ್ಟನೆ ಕೊಟ್ಟರು: ಒಂದೇ ಸಲದ ಶುಲ್ಕ, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗೂ ನವೀಕರಣಕ್ಕೂ ಇಲ್ಲ. ಈ ಮೂರು ಮಾತು ಶುಕ್ರವಾರದ ಆದೇಶದಲ್ಲೇ ಇದ್ದಿದ್ದರೆ ಯಾರೂ ದುಬಾರಿ ಟಿಕೆಟ್ ಕೊಂಡು ಓಡಬೇಕಿರಲಿಲ್ಲ.

ವಿವರ ಪೂರ್ತಿ ತಿಳಿಯಾದದ್ದು ಅಮೆರಿಕದ ವಲಸೆ ಇಲಾಖೆಯ ಅಕ್ಟೋಬರ್ 20ರ ಸೂಚನೆಯಲ್ಲಿ. ಹೊಸದಾಗಿ ಬೆಂಗಳೂರಿನಿಂದ ಹೋಗುವವರ ಪರವಾಗಿ ಕಂಪನಿ ಮೊದಲೇ ಸರ್ಕಾರಿ ಪಾವತಿ ತಾಣದಲ್ಲಿ ಹಣ ಕಟ್ಟಿ, ರಸೀದಿಯೊಂದಿಗೆ ಅರ್ಜಿ ಹಾಕಬೇಕು. ಅಲ್ಲೇ ಓದಿ, ಎಫ್-1 ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಹಣವಿಲ್ಲ. ಆದರೆ ಅರ್ಜಿ ತೀರ್ಮಾನವಾಗುವ ಮುನ್ನ ದೇಶ ಬಿಟ್ಟರೆ ವಿನಾಯಿತಿಯೂ ಹೋಯಿತು. ಮಂಜೂರಾದ ಮೇಲೆ ಬಂದುಹೋದರೆ ತೊಂದರೆಯಿಲ್ಲ. ಮಗನೋ ಮಗಳೋ ಅಲ್ಲಿದ್ದರೆ, ಮನೆಯ ಮದುವೆಗೆ ಮುಹೂರ್ತ ಇಡಿಸುವ ಮೊದಲು ಪುರೋಹಿತರ ಜೊತೆಗೆ ವಕೀಲರನ್ನೂ ಒಂದು ಮಾತು ಕೇಳುವುದು ಒಳ್ಳೆಯದು.